ಸ್ಟೆರೈಲ್ ಡಬ್ಬಿಯ ಬಾಗಿಲಿಗೆ ಪೇಟೆಂಟ್: ಸ್ಕೆಚ್‌ನಿಂದ ಹಿಯರಿಂಗ್‌ವರೆಗೆ

ಪುಣೆಯ ಭೋಸರಿಯಿಂದ ಬಂದವರೊಬ್ಬರು ಬ್ಯಾಗಿನಿಂದ ಎರಡು ಸ್ಟೀಲ್ ರಿಂಗ್ ತೆಗೆದು, ನಾನು ಪೇಟೆಂಟ್ ಅರ್ಜಿ ಬರೆಯುವ ಮಾಟುಂಗಾ ಆಫೀಸಿನ ಮೇಜಿನ ಮೇಲಿಟ್ಟರು. ಒಂದಕ್ಕೊಂದು ಸೇರಿಸಿ ತಿರುಗಿಸಿದರು. ಟಕ್ ಅಂತ ಲಾಕ್ ಬಿಟ್ಟಿತು, ಬಾಗಿಲು ತೆರೆಯಿತು. ಆಮೇಲೆ ಸಂದು ಮುಚ್ಚುವ ಕಪ್ಪು ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್, ಕಿತ್ತು ಜೇಬಿಗೆ ಹಾಕಿಕೊಂಡು ಮತ್ತೆ ತಿರುಗಿಸಿದರು. ಈ ಸಲ ಜಪ್ಪಯ್ಯ ಅಂದರೂ ಬಾಗಿಲು ತೆರೆಯಲಿಲ್ಲ. "ಇಷ್ಟ ನೋಡ್ರಿ ಸರ, ನಂದು" ಅಂದರು. ಗದಗದವರು, ಭೋಸರಿಯಲ್ಲಿ ಸಣ್ಣ ವರ್ಕ್‌ಶಾಪ್.

ಆ "ಇಷ್ಟ"ವನ್ನು ಕಾಗದದ ಮೇಲೆ ತರುವುದೇ ಇಡೀ ಕೆಲಸ. ಅರ್ಜಿ ಪರಿಶೀಲಿಸುವ ಪೇಟೆಂಟ್ ಆಫೀಸಿನ ಎಕ್ಸಾಮಿನರ್ ನಿಮ್ಮ ಬಾಗಿಲನ್ನು ಮುಟ್ಟಿ ನೋಡುವುದಿಲ್ಲ. ಅವರ ಮುಂದೆ ಇರುವುದು ನಿಮ್ಮ ಕ್ಲೇಮ್, ಅಂದರೆ "ಇಷ್ಟು ನನ್ನದು" ಅಂತ ನೀವು ಬರೆದ ವಾಕ್ಯ. ವಾಕ್ಯ ಸಡಿಲವಾಗಿದ್ದರೆ ಎಷ್ಟು ಗಟ್ಟಿ ಬಾಗಿಲು ಮಾಡಿದ್ದರೂ ಉಪಯೋಗವಿಲ್ಲ. ಅವರ ಅರ್ಜಿ ಈಗ ಪ್ರಕಟವಾಗಿದೆ, "ಬರೀರಿ, ನಮ್ಮ ಹುಡುಗರಿಗೆ ಉಪಯೋಗ ಆಗ್ತದ" ಅಂತ ಅವರೇ ಹೇಳಿದ್ದಾರೆ. ಹಾಗಾಗಿ ಅವರ ಬಾಗಿಲನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಬಾಗಿಲು ಅರ್ಥವಾಗಲಿ

ಇಂಜೆಕ್ಷನ್ ತುಂಬುವ ಕಡೆ ಐಸೊಲೇಟರ್ ಇರುತ್ತದೆ. ಗಾಜಿನ ಪೆಟ್ಟಿಗೆ, ಒಳಗೆ ಸೂಕ್ಷ್ಮಾಣು ಇರಬಾರದು, ಕೈಗವಸಿನ ಮೂಲಕ ಕೆಲಸ. ಒಳಗಿನ ಗಾಳಿ ಹೊರಗಿನ ಗಾಳಿ ಸೇರದ ಹಾಗೆ ರಬ್ಬರ್ ಬಿರಡೆ, ಉಪಕರಣ ಎಲ್ಲ ಒಳಗೆ ಹೋಗಬೇಕು. ಅದಕ್ಕೆ ಎರಡು ಬಾಗಿಲಿನ ಉಪಾಯ. ಗೋಡೆಯಲ್ಲಿ ಕೂತಿರುವುದು ಆಲ್ಫಾ. ಡಬ್ಬಿಗೆ ಅಥವಾ ಚೀಲಕ್ಕೆ ಇರುವುದು ಬೀಟಾ. ಎರಡಕ್ಕೂ ಹೊರಮೈ ಕೊಳೆ, ಒಳಮೈ ಸ್ವಚ್ಛ. ಡಬ್ಬಿಯನ್ನು ಗೋಡೆಗೆ ಒತ್ತಿ ತಿರುಗಿಸಿದಾಗ ಎರಡು ಕೊಳೆ ಮೈಗಳು ಒಂದಕ್ಕೊಂದು ಅಂಟಿ ಬಂದಿಯಾಗುತ್ತವೆ. ಕೊಳೆಯಾದ ಎರಡು ಅಂಗೈ ಜೋಡಿಸಿ ಕೈ ಮುಗಿದ ಹಾಗೆ. ಆಮೇಲೆ ಎರಡು ಬಾಗಿಲೂ ಒಂದೇ ಬಾಗಿಲಿನಂತೆ ಒಳಕ್ಕೆ ತೆರೆಯುತ್ತವೆ.

ತೊಂದರೆ ಇರುವುದು ಅಂಚಿನಲ್ಲಿ. ಎರಡು ಗ್ಯಾಸ್ಕೆಟ್‌ಗಳ ತುಟಿ ಸೇರುವ ಕೂದಲೆಳೆಯಷ್ಟು ಗೆರೆಗೆ ಈ ಕಸುಬಿನವರು "ರಿಂಗ್ ಆಫ್ ಕನ್ಸರ್ನ್" ಅನ್ನುತ್ತಾರೆ. ಈ ಬಾಗಿಲುಗಳ ಮೇಲೆ ಬಂದ ಎಷ್ಟೋ ಪೇಟೆಂಟ್‌ಗಳು ಈ ಗೆರೆಯ ಸುತ್ತವೇ ಗಿರಕಿ ಹೊಡೆಯುತ್ತವೆ. ಇನ್ನು ಕೆಲವು ಪೇಟೆಂಟ್‌ಗಳು ಲಾಕ್‌ಗಳ ಬಗ್ಗೆ: ಡಬ್ಬಿ ಸರಿಯಾಗಿ ಕೂರದೆ ಬಾಗಿಲು ತೆರೆಯಬಾರದು, ಬಾಗಿಲು ತೆರೆದಿದ್ದಾಗ ಡಬ್ಬಿ ಕಳಚಬಾರದು.

ನಮ್ಮ ಗದಗದವರ ಕಥೆ ಲಾಕ್‌ನದು. ಅವರು ಮೊದಲು ಕೆಲಸ ಮಾಡುತ್ತಿದ್ದ ಕಡೆ, ತೊಳೆದ ಮೇಲೆ ಗ್ಯಾಸ್ಕೆಟ್ ಹಾಕಲು ಮರೆತ ಡಬ್ಬಿಯೊಂದನ್ನು ಯಾರೋ ಗೋಡೆಗೆ ಸೇರಿಸಿದರಂತೆ. ಲೋಹ ಲೋಹಕ್ಕೆ ತಾಗಿತು. ಲಾಕ್‌ಗೆ ಅಷ್ಟೇ ಸಾಕಾಯಿತು, ಬಾಗಿಲು ತೆರೆಯಿತು. ಇಡೀ ಬ್ಯಾಚ್ ಹೋಯಿತು. ಇವರ ಬಾಗಿಲಿನಲ್ಲಿ ಲಾಕ್ ಪಿನ್ನನ್ನು ತಳ್ಳುವುದು ಗ್ಯಾಸ್ಕೆಟ್ಟೇ. ಗ್ಯಾಸ್ಕೆಟ್ ಇಲ್ಲವಾದರೆ ತಳ್ಳುವವರೇ ಇಲ್ಲ.

ಅರ್ಜಿಗೆ ಮುಂಚೆ ಬಾಯಿ ಬಿಗಿ

ಅರ್ಜಿ ಹಾಕುವ ಮೊದಲು ಯಾರಿಗೂ ತೋರಿಸಬೇಡಿ. ಗೋವಾದ ವೆರ್ಣಾದಲ್ಲಿ ಔಷಧ ಫ್ಯಾಕ್ಟರಿಗಳು ಸಾಲಾಗಿವೆ, ಗಿರಾಕಿ ಅಲ್ಲೇ ಇರುತ್ತಾರೆ, ಸ್ಯಾಂಪಲ್ ಒಯ್ದು ಡೆಮೊ ಕೊಡುವ ಆಸೆ ಆಗುತ್ತದೆ. ಗುಟ್ಟು ಕಾಯುವ ಕರಾರಿಗೆ ಸಹಿ ಇಲ್ಲದೆ ತೋರಿಸಿದರೆ ನಿಮ್ಮ ಡೆಮೊ ನಿಮ್ಮ ಅರ್ಜಿಗೇ ಮುಳುವಾಗಬಹುದು. ಕೆಲವು ಬಗೆಯ ಪ್ರದರ್ಶನಗಳಿಗೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 31ರಲ್ಲಿ 12 ತಿಂಗಳ ರಿಯಾಯಿತಿ ಇದೆ ನಿಜ. ಆದರೆ ಅದು ಕಿರಿದಾದ ಕಿಂಡಿ, ಅದನ್ನು ನಂಬಿ ಕೂರುವುದು ಜಾಣತನವಲ್ಲ.

ಅವಸರವಿದ್ದರೆ ಪ್ರಾವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ, 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಷನ್, ಅಂದರೆ ಕ್ಲೇಮ್ ಸಮೇತ ಪೂರ್ತಿ ವಿವರಣೆ ಕೊಡಬಹುದು. ಆದರೆ ಪ್ರಾವಿಷನಲ್ ಅಂದರೆ ಎರಡು ಪುಟ ಗೀಚಿ ಬಿಸಾಕುವುದು ಅಂತ ತಿಳಿಯಬೇಡಿ. ಅದರಲ್ಲಿ ಬರೆಯದ್ದಕ್ಕೆ ಆ ಮೊದಲ ಅರ್ಜಿಯ ತಾರೀಖು ಸಿಗುವುದಿಲ್ಲ.

ಹುಡುಕುವುದು: ಅಣುವಿನ ಕಪಾಟೂ ನೋಡಿ

ಈ ಎರಡು ಬಾಗಿಲಿನ ಉಪಾಯ ಹುಟ್ಟಿದ್ದು ಔಷಧಕ್ಕಲ್ಲ. 1960ರ ದಶಕದಲ್ಲಿ ಫ್ರಾನ್ಸ್‌ನ ಅಣು ಉದ್ಯಮದಲ್ಲಿ, ವಿಕಿರಣದ ವಸ್ತು ಹೊರಗೆ ಸೋರಬಾರದು ಅಂತ. ಲಾ ಕಾಲೆನ್ ಎಂಬ ಫ್ರೆಂಚ್ ಕಂಪನಿಯ ಡಿಪಿಟಿಇ ಎಂಬ ಬಾಗಿಲಿನ ಹೆಸರು ಇಂದಿಗೂ ಈ ಕಸುಬಿನಲ್ಲಿ ಓಡುತ್ತದೆ. ಒಳಗಿನ ವಿಷ ಹೊರಗೆ ಬಾರದಂತೆ ಮಾಡಿದ ಬಾಗಿಲು, ಆಮೇಲೆ ಹೊರಗಿನ ಕೊಳೆ ಒಳಗೆ ಹೋಗದಂತೆ ಕಾಯಲು ಬಂತು.

ಇದು ಬರೀ ಕಥೆಯಲ್ಲ, ತಮ್ಮಂಥದ್ದು ಮೊದಲೇ ಇದೆಯಾ ಅಂತ ಹಳೆಯ ಪೇಟೆಂಟ್ ಹುಡುಕುವವರಿಗೆ ಸುಳಿವು. ಪೇಟೆಂಟ್‌ಗಳನ್ನು ವಿಷಯಕ್ಕೆ ತಕ್ಕಂತೆ ವರ್ಗ ಮಾಡಿ ಇಟ್ಟಿರುತ್ತಾರೆ. ಹೊಸಬರು ವೈದ್ಯಕೀಯ ಕ್ರಿಮಿನಾಶದ ವರ್ಗ ಎ61ಎಲ್ 2 ಅಷ್ಟೇ ನೋಡಿ "ಏನೂ ಸಿಗಲಿಲ್ಲ" ಅಂತ ಖುಷಿ ಪಡುತ್ತಾರೆ. ಹಳೆಯ ಸರಕು ಇರುವುದು ಗ್ಲವ್ ಬಾಕ್ಸ್‌ಗಳ ಬಿ25ಜೆ 21/02ರಲ್ಲಿ, ಅಣು ಕೋಣೆಗಳ ನಡುವಿನ ಸಾಗಣೆಯ ಜಿ21ಎಫ್ 7/005ರಲ್ಲಿ. ಸೀಲ್‌ಗಳಿಗೆ ಎಫ್16ಜೆ 15 ಇದೆ. ಹುಡುಕಲು ಎಸ್ಪಾಸೆನೆಟ್, ಪೇಟೆಂಟ್‌ಸ್ಕೋಪ್ ಎಂಬ ವೆಬ್‌ಸೈಟ್‌ಗಳು ಎರಡೂ ಉಚಿತ. ನಮ್ಮ ದೇಶದ ಅರ್ಜಿಗಳಿಗೆ ಇನ್‌ಪಾಸ್ ಇದೆ. ಎಕ್ಸಾಮಿನರ್ ಹೇಗೂ ಇವನ್ನೆಲ್ಲ ನೋಡುತ್ತಾರೆ. ಅವರಿಗಿಂತ ಮುಂಚೆ ನೀವು ನೋಡಿದ್ದರೆ ಕ್ಲೇಮ್ ಬರೆಯುವಾಗಲೇ ದಾರಿ ಬದಲಿಸಬಹುದು.

ಒಂದು ಅಭ್ಯಾಸ ಮಾಡಿಕೊಳ್ಳಿ. ಸಿಕ್ಕ ಹಳೆಯ ಪೇಟೆಂಟ್‌ಗಳಲ್ಲಿ ನಿಮ್ಮದಕ್ಕೆ ತೀರಾ ಹತ್ತಿರದ್ದು ಯಾವುದು ಅಂತ ಆರಿಸಿ, ಅದರ ಚಿತ್ರದ ಪ್ರಿಂಟ್ ತೆಗೆದು ಪಕ್ಕಕ್ಕೆ ಇಟ್ಟುಕೊಂಡು ಬರೆಯಿರಿ. ನಾವು ಇಟ್ಟುಕೊಂಡಿದ್ದ ಚಿತ್ರದಲ್ಲಿ ಲಾಕ್ ಪಿನ್ ಇತ್ತು, ಆದರೆ ಅದನ್ನು ತಳ್ಳುತ್ತಿದ್ದುದು ಎದುರಿನ ಫ್ಲ್ಯಾಂಜ್‌ನ (ಬಾಗಿಲು ಕೂರುವ ಚೌಕಟ್ಟಿನ ಬಳೆ) ಲೋಹದ ಉಬ್ಬು. ನಮ್ಮ ಅದೃಷ್ಟ, ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು.

ಕ್ಲೇಮ್ ಬರೆಯುವುದು

ಗದಗದವರು ತಾವೇ ಬರೆದು ತಂದಿದ್ದು ಹೀಗಿತ್ತು: "ಸೋರಿಕೆ ಇಲ್ಲದ, ಸುರಕ್ಷಿತವಾದ, ಸುಲಭವಾಗಿ ತೆರೆಯುವ ಸ್ಟೆರೈಲ್ ಕಂಟೇನರ್ ಬಾಗಿಲು." ಇದು ಕ್ಲೇಮ್ ಅಲ್ಲ, ಹರಕೆ. 1960ರ ದಶಕದವರ ಆಸೆಯೂ ಇದೇ ಆಗಿತ್ತು, ಅಲ್ವಾ? ಬಾಗಿಲಿನಲ್ಲಿ ಯಾವ ಭಾಗ ಯಾವುದಕ್ಕೆ ತಾಗಿ ಏನು ಮಾಡುತ್ತದೆ ಅನ್ನುವುದು ಬರಬೇಕು.

ಎರಡು ಸಂಜೆ ಕೂತು, ಒಂದಿಷ್ಟು ಕಾಫಿ ಖರ್ಚಾದ ಮೇಲೆ ಬಂದದ್ದರ ತಿರುಳು ಇದು: "ಫ್ಲ್ಯಾಂಜ್ (10), ಅದನ್ನು ಮುಚ್ಚುವ ಬಾಗಿಲು (20), ಬಾಗಿಲಿನ ಅಂಚಿನ ಸುತ್ತ ಕೂತ ಗ್ಯಾಸ್ಕೆಟ್ (30), ಬಾಗಿಲನ್ನು ಫ್ಲ್ಯಾಂಜ್‌ಗೆ ಹಿಡಿದಿಡುವ ಲಾಕ್ ಪಿನ್ (40) ಇರುವ ಕಂಟೇನರ್ ಬಾಗಿಲು, ಇದರ ವಿಶೇಷವೆಂದರೆ ಗ್ಯಾಸ್ಕೆಟ್‌ಗೆ ಒಳತುಟಿ (32) ಇದ್ದು ಪಿನ್ನಿನ ತುದಿ ಅದಕ್ಕೆ ಒರಗಿರುತ್ತದೆ, ಎದುರಿನ ಬಾಗಿಲು ಒತ್ತಿದಾಗ ಒಳತುಟಿ ಬಾಗಿ ಪಿನ್ನನ್ನು ಬಿಡುಗಡೆಯ ಸ್ಥಾನಕ್ಕೆ ತಳ್ಳುತ್ತದೆ, ಒಳತುಟಿ ಇಲ್ಲದಿದ್ದಾಗ ಪಿನ್ ಲಾಕ್ ಸ್ಥಾನದಲ್ಲೇ ಉಳಿಯುತ್ತದೆ."

ಆವರಣದ ಅಂಕಿಗಳು ಅಲಂಕಾರಕ್ಕಲ್ಲ. ಚಿತ್ರದಲ್ಲಿ ತೋರಿಸಿದ ಭಾಗದ ನಂಬರನ್ನು ಕ್ಲೇಮ್‌ನಲ್ಲೂ ಹಾಕಬೇಕೆಂದು ಪೇಟೆಂಟ್ ನಿಯಮಾವಳಿಯ ನಿಯಮ 13 ಹೇಳುತ್ತದೆ. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಆದರೂ ಮೊದಲು ಕನ್ನಡದಲ್ಲಿ ಬರೆದು ನೋಡಿ. ಇಂಗ್ಲಿಷ್‌ನಲ್ಲಿ ಗೊತ್ತಿಲ್ಲದ್ದನ್ನು ದೊಡ್ಡ ಪದದ ಹಿಂದೆ ಬಚ್ಚಿಡಬಹುದು. ಕನ್ನಡದಲ್ಲಿ "ಪಿನ್ನನ್ನು ಯಾರು ತಳ್ತಾರೆ?" ಅಂತ ಕೇಳಿದರೆ ಉತ್ತರ ಕೊಡಲೇಬೇಕು.

ಈಗ ನನ್ನದೇ ತಪ್ಪೊಂದು. ವರ್ಷಗಳ ಹಿಂದೆ ಬೇರೊಂದು ಮುಚ್ಚಳದ ಅರ್ಜಿಯಲ್ಲಿ, ಚಿತ್ರ ನೋಡಿಕೊಂಡು ಸುಮ್ನೆ "ದುಂಡಗಿನ ಮುಚ್ಚಳ" ಅಂತ ಬರೆದೆ. ದುಂಡಗಿರಲೇಬೇಕು ಅಂತೇನೂ ಇರಲಿಲ್ಲ. ಎರಡು ವರ್ಷದ ಮೇಲೆ ಗಿರಾಕಿ ಮೊಟ್ಟೆಯಾಕಾರದ್ದು ಮಾಡಿದರು. "ದುಂಡಗಿನ" ತೆಗೆಯಲು ಹೋದರೆ ಸೆಕ್ಷನ್ 59 ಅಡ್ಡ ನಿಂತಿತು. ತಿದ್ದಿದ ಕ್ಲೇಮ್ ಮೊದಲಿನ ಕ್ಲೇಮ್‌ನ ಒಳಗೇ ಇರಬೇಕು. ಚಿಕ್ಕದು ಮಾಡಬಹುದು, ಹಿಗ್ಗಿಸುವಂತಿಲ್ಲ. ಅದಕ್ಕೇ ಮೊದಲ ಕ್ಲೇಮ್ ಅಗಲವಾಗಿ, ಅದರ ಕೆಳಗಿನವು ಒಂದೊಂದು ಮೆಟ್ಟಿಲು ಇಳಿದ ಹಾಗೆ ಇರಲಿ: ಒಳತುಟಿ ಸಿಲಿಕೋನ್ ಅಥವಾ ಇಪಿಡಿಎಂ ರಬ್ಬರ್, ಪಿನ್‌ಗಳು ಒಂದಕ್ಕಿಂತ ಹೆಚ್ಚು, ಪಿನ್ನಿಗೆ ಸ್ಪ್ರಿಂಗ್, ಹೀಗೆ. ಮೇಲಿನ ಮೆಟ್ಟಿಲು ಮುರಿದರೆ ಕೆಳಗಿನದರ ಮೇಲೆ ನಿಲ್ಲಬಹುದು. ಗ್ಯಾಸ್ಕೆಟ್‌ನ ಬೇರೆ ಬೇರೆ ರೂಪಗಳನ್ನೂ ವಿವರಣೆಯಲ್ಲಿ ಮೊದಲೇ ಬರೆದಿಡಿ.

10 ಕ್ಲೇಮ್ ಮತ್ತು 30 ಪುಟ ದಾಟಿದರೆ ಹೆಚ್ಚಿನ ಫೀ. ಚಿತ್ರ ಎ4 ಹಾಳೆಯಲ್ಲಿ, ಮೇಲೆ ಮತ್ತು ಎಡಕ್ಕೆ 4 ಸೆಂಮೀ ಅಂಚು ಬಿಟ್ಟು. ಕ್ಯಾಡ್‌ನ ಬಣ್ಣಬಣ್ಣದ ಚಿತ್ರ ಬೇಡ, ಕಪ್ಪು ಗೆರೆ ಸಾಕು. ನಮ್ಮ ಬಾಗಿಲಿಗೆ ಮೂರು ಅಡ್ಡಕೊಯ್ತ ಕೊಟ್ಟೆವು: ಸೇರುವ ಮುಂಚೆ, ಸೇರಿ ಒತ್ತಿದಾಗ, ಗ್ಯಾಸ್ಕೆಟ್ ಇಲ್ಲದೆ ಒತ್ತಿದಾಗ. ಮುಂದೆ ನಮ್ಮನ್ನು ಕಾಪಾಡಿದ್ದು ಮೂರನೆಯದು.

ಅರ್ಜಿ, ಫೀ, ಕಾಯುವುದು

ಮಹಾರಾಷ್ಟ್ರ, ಗೋವಾ, ಗುಜರಾತ್, ಮಧ್ಯಪ್ರದೇಶ, ಛತ್ತೀಸ್‌ಗಢದವರಿಗೆ ಮುಂಬೈ ಪೇಟೆಂಟ್ ಆಫೀಸು. ಆಂಟಾಪ್ ಹಿಲ್‌ನ ಬೌದ್ಧಿಕ್ ಸಂಪದಾ ಭವನದಲ್ಲಿದೆ. ಕರ್ನಾಟಕದವರಿಗೆ ಚೆನ್ನೈ. ನಿಮ್ಮ ವರ್ಕ್‌ಶಾಪ್ ಭೋಸರಿಯಲ್ಲಿದ್ದರೆ, ಊರು ಯಾವುದೇ ಇರಲಿ, ಮುಂಬೈಯೇ. ಎಲ್ಲ ಆನ್‌ಲೈನ್, ಟ್ರೇನ್ ಹತ್ತಿ ಬರಬೇಕಿಲ್ಲ. ಫೈಲು ಮುಂಬೈಯದ್ದಾದರೂ ಪರಿಶೀಲಿಸುವ ಎಕ್ಸಾಮಿನರ್ ದೆಹಲಿಯಲ್ಲೋ ಕೋಲ್ಕತ್ತದಲ್ಲೋ ಕೂತಿರಬಹುದು. "ಆಂಟಾಪ್ ಹಿಲ್‌ನಲ್ಲಿ ನಮ್ಮವರು ಯಾರಾದ್ರೂ ಅದಾರೇನ್ರಿ?" ಅಂತ ಕೇಳುವವರಿಗೆ ನಾನು ಇದನ್ನೇ ಹೇಳುವುದು.

ಫಾರ್ಮ್ 1 ಅರ್ಜಿ, ಫಾರ್ಮ್ 2 ಸ್ಪೆಸಿಫಿಕೇಷನ್, ಫಾರ್ಮ್ 3 ವಿದೇಶಿ ಅರ್ಜಿಗಳ ವಿವರ, ಫಾರ್ಮ್ 5 ಆವಿಷ್ಕಾರ ಯಾರದು ಎಂಬ ಘೋಷಣೆ. ಸಣ್ಣ ಉದ್ಯಮವಾದರೆ ಉದ್ಯಮ್ ಸರ್ಟಿಫಿಕೇಟ್ ಜೊತೆ ಫಾರ್ಮ್ 28 ಹಾಕಿ. ಹಾಕದಿದ್ದರೆ ಅರ್ಜಿಗೆ 1,600 ರೂಪಾಯಿ ಬದಲು 8,000, ಪರಿಶೀಲನೆಗೆ 4,000 ಬದಲು 20,000.

ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಪರಿಶೀಲಿಸುವುದಿಲ್ಲ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಫಾರ್ಮ್ 18 ಹಾಕಿ ಕೇಳಿಕೊಳ್ಳಬೇಕು. ಮೊದಲು ಇದಕ್ಕೆ 48 ತಿಂಗಳ ಗಡುವಿತ್ತು. 2024ರ ಮಾರ್ಚ್ 15ರಿಂದ ಹೊಸ ಅರ್ಜಿಗಳಿಗೆ 31 ತಿಂಗಳು. ಕೇಳದಿದ್ದರೆ ಅರ್ಜಿ ಹಿಂತೆಗೆದುಕೊಂಡಂತೆ. ಬೇಗ ಬೇಕಾದರೆ ಫಾರ್ಮ್ 18ಎ: ಸ್ಟಾರ್ಟಪ್‌ಗಳು, ಸಣ್ಣ ಉದ್ಯಮಗಳು, ಅರ್ಜಿದಾರರೆಲ್ಲ ವ್ಯಕ್ತಿಗಳೇ ಆಗಿದ್ದು ಅವರಲ್ಲಿ ಒಬ್ಬ ಮಹಿಳೆಯಾದರೂ ಇದ್ದವರು ಇದಕ್ಕೆ ಅರ್ಹರು. ಅರ್ಜಿ ಇನ್ನೂ ಪ್ರಕಟವಾಗಿಲ್ಲದಿದ್ದರೆ ಜೊತೆಗೆ ಫಾರ್ಮ್ 9 ಬೇಕು. ಇಲ್ಲವಾದರೆ ಪ್ರಕಟಣೆ ತಾನಾಗಿ ಆಗುವುದು 18 ತಿಂಗಳಿಗೆ, ಶುಕ್ರವಾರ ಬರುವ ಜರ್ನಲ್‌ನಲ್ಲಿ. ಸಣ್ಣ ಉದ್ಯಮಕ್ಕೆ 18ಎ ಫೀ 8,000. ಗಿರಾಕಿ ಕಾಯುತ್ತಿದ್ದರೆ ಅದು ದುಬಾರಿಯಲ್ಲ.

ಎಫ್‌ಇಆರ್ ಬಂತು

ಮೊದಲ ಪರಿಶೀಲನಾ ವರದಿಗೆ ಎಲ್ಲರೂ ಎಫ್‌ಇಆರ್ ಅನ್ನುತ್ತಾರೆ. ಅದು ಬಂದ ದಿನ ಗದಗದವರು ಫೋನ್ ಮಾಡಿ "ಮುಗೀತೇನ್ರಿ ಸರ?" ಅಂದರು. ಆಕ್ಷೇಪವೇ ಇಲ್ಲದ ಎಫ್‌ಇಆರ್ ಅಪರೂಪ. ಅದು ತಿರಸ್ಕಾರವಲ್ಲ, ಪ್ರಶ್ನೆಪತ್ರಿಕೆ.

ಮೊದಲು ತಾರೀಖು ನೋಡಿ. ಉತ್ತರಕ್ಕೆ 6 ತಿಂಗಳು. ಅದು ಎಫ್‌ಇಆರ್ ಹೊರಟ ದಿನದಿಂದ, ನೀವು ಮೇಲ್ ತೆರೆದ ದಿನದಿಂದಲ್ಲ. ನನ್ನದೊಂದು ಎಫ್‌ಇಆರ್ ಸ್ಪ್ಯಾಮ್‌ನಲ್ಲಿ ನಾಲ್ಕು ತಿಂಗಳು ಮಲಗಿತ್ತು. ಅಂದಿನಿಂದ ಪ್ರತಿ ಸೋಮವಾರ ಅರ್ಜಿಯ ಸ್ಥಿತಿ ನಾನೇ ತೆರೆದು ನೋಡುತ್ತೇನೆ. ಇನ್ನೂ 3 ತಿಂಗಳು ಬೇಕಾದರೆ 6 ತಿಂಗಳು ಮುಗಿಯುವ ಮೊದಲೇ ಫಾರ್ಮ್ 4 ಹಾಕಿ. ಉತ್ತರ ಹೋಗದಿದ್ದರೆ ಅರ್ಜಿ ಕೈಬಿಟ್ಟಂತೆ. ವಿದೇಶಿ ಅರ್ಜಿಗಳ ಹೊಸ ವಿವರ ಕೊಡುವ ಫಾರ್ಮ್ 3ಕ್ಕೆ ಬೇರೆಯೇ ಗಡುವು, ಎಫ್‌ಇಆರ್‌ನಿಂದ 3 ತಿಂಗಳು. 2024ರ ಈ ಬದಲಾವಣೆ ಹಳಬರ ಕೈಯಲ್ಲೂ ತಪ್ಪುತ್ತಿದೆ.

ನಮಗೆ ಬಂದ ಆಕ್ಷೇಪಗಳಲ್ಲಿ ಮುಖ್ಯವಾದವು ಎರಡು. ಎಕ್ಸಾಮಿನರ್ ಎದುರಿಟ್ಟ ಹಳೆಯ ದಾಖಲೆಗಳಿಗೆ ಡಿ1, ಡಿ2 ಅನ್ನುತ್ತಾರೆ. ಒಂದು, ಆವಿಷ್ಕಾರದ ಹೆಜ್ಜೆ ಇಲ್ಲ: ಡಿ1ರಲ್ಲಿ ಎರಡು ಬಾಗಿಲು ಮತ್ತು ಲಾಕ್ ಪಿನ್ ಇದೆ, ಡಿ2ರಲ್ಲಿ ಗ್ಯಾಸ್ಕೆಟ್ ಜೊತೆ ಕೆಲಸ ಮಾಡುವ ಮುಚ್ಚಳದ ಲಾಕ್ ಇದೆ, ಎರಡನ್ನೂ ಸೇರಿಸಿದರೆ ನಿಮ್ಮದು. ಡಿ2 ಅಂದರೆ ನಮ್ಮ ಮನೆಯ ಕುಕ್ಕರ್ ಥರದ ಪಾತ್ರೆ! ಎರಡು, ಸೆಕ್ಷನ್ 3(ಎಫ್): ಗೊತ್ತಿರುವ ಭಾಗಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟಿದ್ದೀರಿ, ಒಂದೊಂದೂ ತನ್ನ ಪಾಡಿಗೆ ಹಳೆಯ ಕೆಲಸವನ್ನೇ ಮಾಡುತ್ತದೆ.

ಉತ್ತರ ಬರೆಯುವ ಮುನ್ನ ಡಿ1, ಡಿ2 ಪೂರ್ತಿ ಓದಿ. ಎಫ್‌ಇಆರ್ ತೋರಿಸಿದ ಪ್ಯಾರಾ ಅಷ್ಟೇ ಅಲ್ಲ, ಪೂರ್ತಿ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಎಡಕ್ಕೆ ನಿಮ್ಮ ಕ್ಲೇಮ್‌ನ ಒಂದೊಂದೇ ತುಂಡು, ನಡುವೆ ಡಿ1, ಬಲಕ್ಕೆ ಡಿ2. ಇದೆ ಅಂದರೆ ಇದೆ ಅಂತಲೇ ಬರೆಯಿರಿ. ಎಲ್ಲದಕ್ಕೂ "ಇಲ್ಲ" ಅನ್ನುವ ಉತ್ತರಕ್ಕೆ ಬೆಲೆ ಇರುವುದಿಲ್ಲ. ನಮ್ಮ ಹಾಳೆಯಲ್ಲಿ ಫ್ಲ್ಯಾಂಜ್, ಬಾಗಿಲು, ಗ್ಯಾಸ್ಕೆಟ್, ಪಿನ್ ನಾಲ್ಕೂ ಡಿ1ರಲ್ಲಿ ಇದ್ದವು, ಒಪ್ಪಿಕೊಂಡೆವು. ಖಾಲಿ ಉಳಿದದ್ದು ಒಂದೇ ಸಾಲು: ಒಳತುಟಿಯೇ ಪಿನ್ನನ್ನು ತಳ್ಳುವುದು. ಡಿ2ರಲ್ಲೂ ಅದು ಖಾಲಿ. ಅಲ್ಲಿ ಪಿನ್ನನ್ನು ಎತ್ತುವುದು ಒಳಗಿನ ಹಬೆಯ ಒತ್ತಡ, ಗ್ಯಾಸ್ಕೆಟ್ ಅಲ್ಲ. ಅದು ಒತ್ತಡ ಏರಿದಾಗ ಲಾಕ್ ಹಾಕುತ್ತದೆ, ನಮ್ಮದು ಸೀಲ್ ಕೂತಾಗ ಲಾಕ್ ಬಿಡುತ್ತದೆ. ಕೆಲಸವೇ ತಿರುಗುಮುರುಗು.

ವ್ಯತ್ಯಾಸ ಹೇಳಿದರೆ ಸಾಲದು, ಅದರಿಂದ ಏನಾಗುತ್ತದೆ ಅಂತಲೂ ಹೇಳಬೇಕು. ಕಾಯ್ದೆಯ ಸೆಕ್ಷನ್ 2(1)(ಜೆಎ) ಕೇಳುವುದು ಅದನ್ನೇ: ಗೊತ್ತಿದ್ದಕ್ಕಿಂತ ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಅಥವಾ ಎರಡೂ, ಜೊತೆಗೆ ಕಸುಬು ಬಲ್ಲವನಿಗೆ ತಾನಾಗಿ ಹೊಳೆಯದಂಥದ್ದು. ಡಿ1ರ ಬಾಗಿಲು ಗ್ಯಾಸ್ಕೆಟ್ ಇಲ್ಲದೆಯೂ ತೆರೆಯುತ್ತದೆ, ಏಕೆಂದರೆ ಲೋಹ ಲೋಹವನ್ನೇ ತಳ್ಳುತ್ತದೆ. ನಮ್ಮದು ತೆರೆಯುವುದಿಲ್ಲ. ಇದಕ್ಕೆ ಮೂರನೇ ಚಿತ್ರವನ್ನು ತೋರಿಸಿದೆವು. ಮೊದಲೇ ಅರ್ಜಿಯಲ್ಲಿ ಇದ್ದದ್ದಕ್ಕೆ ತೋರಿಸಲು ಆಯಿತು, ಈಗ ಹೊಸದಾಗಿ ಸೇರಿಸುವಂತಿರಲಿಲ್ಲ.

3(ಎಫ್)ಗೂ ಉತ್ತರ ಅಲ್ಲೇ ಇತ್ತು. ಗ್ಯಾಸ್ಕೆಟ್ ಸೋರಿಕೆ ತಡೆಯುವುದು ಹಳೆಯ ಕೆಲಸ. ಇಲ್ಲಿ ಅದು ಲಾಕ್‌ನ ಕೀಲಿಯೂ ಹೌದು. ಒಂದನ್ನು ಕಿತ್ತರೆ ಇನ್ನೊಂದರ ಕೆಲಸ ನಿಂತುಹೋಗುತ್ತದೆ ಅಂದಮೇಲೆ ತಮ್ಮ ಪಾಡಿಗೆ ಕೆಲಸ ಮಾಡುತ್ತಿಲ್ಲ ಅಂತಾಯಿತು.

ತೀರ್ಪುಗಳನ್ನು ರಾಶಿ ಹಾಕಬೇಡಿ. ಯಂತ್ರದ ಕೆಲಸಕ್ಕೆ ನಾನು ಸಾಮಾನ್ಯವಾಗಿ ಒಂದನ್ನೇ ತೆಗೆಯುವುದು: 1978ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಬಿಶ್ವನಾಥ್ ಪ್ರಸಾದ್ ರಾಧೇ ಶ್ಯಾಮ್ ತೀರ್ಪು. ಅದೂ ಪಾತ್ರೆಯ ಕಥೆಯೇ, ಪಾತ್ರೆಗಳನ್ನು ಲೇತಿನಲ್ಲಿ ಹಿಡಿದಿಡುವ ಸಾಧನದ್ದು. ವರ್ಕ್‌ಶಾಪಿನಲ್ಲಿ ಯಾರಾದರೂ ಮಾಡುವಂಥ ಸಣ್ಣ ಸುಧಾರಣೆ ಸಾಲದು ಅಂತ ಕೋರ್ಟ್ ಹೇಳಿತು, ಪೇಟೆಂಟ್ ಉಳಿಯಲಿಲ್ಲ. ಅರ್ಜಿದಾರರು ಅದನ್ನು ಹೆದರಿಕೊಂಡೇ ಓದಬೇಕು. ಎದುರು ಪಕ್ಷ ನಿಮ್ಮ ವಿರುದ್ಧ ಎತ್ತುವುದೂ ಅದನ್ನೇ.

ಹಿಯರಿಂಗ್

ಉತ್ತರದಿಂದ ಸಮಾಧಾನವಾಗದಿದ್ದರೆ ಹಿಯರಿಂಗ್, ಅಂದರೆ ಅಧಿಕಾರಿಯ ಮುಂದೆ ಮಾತಾಡಿ ಒಪ್ಪಿಸುವ ನೋಟಿಸ್ ಬರುತ್ತದೆ. ವಿಡಿಯೋ ಕಾಲ್ ಅಷ್ಟೇ. ಗದಗದವರನ್ನು ನಾನು ಪಕ್ಕದಲ್ಲೇ ಕೂರಿಸಿಕೊಂಡೆ, ರಿಂಗ್‌ಗಳನ್ನು ಮೇಜಿನ ಮೇಲೆ ಇಡಿ ಅಂದೆ. ಆವಿಷ್ಕಾರ ಮಾಡಿದವರು ಇದ್ದರೆ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. ಒಂದೇ ಎಚ್ಚರ, ಅವರು "ಇದೇನ್ ದೊಡ್ಡ ಮಾತ್ರಿ, ಯಾರಾದ್ರೂ ಮಾಡ್ತಾರ" ಅಂತ ವಿನಯ ತೋರಿಸದಂತೆ ಮೊದಲೇ ಹೇಳಿಡಿ!

ತೀರ್ಮಾನ ಮಾಡುವ ಅಧಿಕಾರಿ, ಅಂದರೆ ಕಂಟ್ರೋಲರ್ ಕೇಳಿದ್ದು ಒಂದೇ ದೊಡ್ಡ ಪ್ರಶ್ನೆ: ಗ್ಯಾಸ್ಕೆಟ್ ಇದೆ, ಆದರೆ ಹರಿದಿದೆ, ಆಗ? ಒಳತುಟಿ ಹರಿದ ಕಡೆ ಪಿನ್ ಇದ್ದರೆ ಅದು ಏಳುವುದಿಲ್ಲ, ಬೇರೆ ಕಡೆ ಹರಿದಿದ್ದರೆ ಏಳುತ್ತದೆ. ನಾವು ಅದನ್ನು ಮುಚ್ಚಿಡಲಿಲ್ಲ. ಪಿನ್‌ಗಳು ಒಂದಕ್ಕಿಂತ ಹೆಚ್ಚು ಎಂಬ ನಾಲ್ಕನೇ ಕ್ಲೇಮನ್ನು ಮೊದಲನೆಯದಕ್ಕೆ ಸೇರಿಸುತ್ತೇವೆ ಅಂದೆವು. ಮೆಟ್ಟಿಲಿನ ಮಾತು ನೆನಪಿದೆಯಲ್ಲ? ಹಿಯರಿಂಗ್ ಆದ 15 ದಿನದೊಳಗೆ ಮಾತಾಡಿದ್ದನ್ನೆಲ್ಲ ಬರಹದಲ್ಲಿ, ತಿದ್ದಿದ ಕ್ಲೇಮ್ ಜೊತೆ ಕೊಡಬೇಕು. ದಿನಾಂಕ ಮುಂದೂಡಲು ಎರಡು ಸಲ ಅವಕಾಶವಿದೆ, ಒಂದೊಂದು ಸಲಕ್ಕೆ 30 ದಿನ ಮೀರದಂತೆ.

ಆದೇಶ ವಿರುದ್ಧ ಬಂದರೆ 3 ತಿಂಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ, ಮುಂಬೈ ಫೈಲಿಗೆ ಬಾಂಬೆ ಹೈಕೋರ್ಟ್. ಪರವಾಗಿ ಬಂದರೆ ಅರ್ಜಿಯ ತಾರೀಖಿನಿಂದ 20 ವರ್ಷ. ಮೂರನೇ ವರ್ಷದಿಂದ ನವೀಕರಣ ಫೀ. ಗ್ರಾಂಟ್, ಅಂದರೆ ಪೇಟೆಂಟ್ ಮಂಜೂರು, ತಡವಾಗಿದ್ದರೆ ಬಾಕಿ ವರ್ಷಗಳದ್ದು ಒಟ್ಟಿಗೆ 3 ತಿಂಗಳಲ್ಲಿ. ಗ್ರಾಂಟ್ ಪ್ರಕಟವಾದ ಮೇಲೆ ಒಂದು ವರ್ಷ ಯಾರು ಬೇಕಾದರೂ ಅಲ್ಲ, ಹಿತಾಸಕ್ತಿ ಇದ್ದವರು ವಿರೋಧಿಸಬಹುದು. ಗ್ರಾಂಟ್‌ಗೆ ಮುಂಚೆಯಾದರೆ ಯಾರು ಬೇಕಾದರೂ.

ಆ ಹರಿದ ಗ್ಯಾಸ್ಕೆಟ್ ಪ್ರಶ್ನೆ ಗದಗದವರ ತಲೆಯಲ್ಲಿ ಕೂತುಬಿಟ್ಟಿತು. ಸುತ್ತಲೂ ಎಲ್ಲಿ ಹರಿದರೂ ಪಿನ್ ಏಳದಂತೆ ಒಳತುಟಿಯ ಒಳಗೆ ಒಂದು ತಂತಿ ಬಳೆ ಹಾಕಿ ನೋಡುತ್ತಿದ್ದಾರೆ. ಅದಕ್ಕೆ ಪೇಟೆಂಟ್ ಆಫ್ ಅಡಿಷನ್ ಹಾಕಬಹುದು. ಸೆಕ್ಷನ್ 54ರಡಿ, ಅದೇ ಅರ್ಜಿದಾರರ ಮೂಲ ಆವಿಷ್ಕಾರದ ಸುಧಾರಣೆಗೆ. ಪ್ರತ್ಯೇಕ ನವೀಕರಣ ಫೀ ಇಲ್ಲ, ಮೂಲ ಪೇಟೆಂಟ್ ಮುಗಿದ ದಿನವೇ ಅದೂ ಮುಗಿಯುತ್ತದೆ. ಈ ಸಲ ಸ್ಕೆಚ್ ಕಳಿಸುವಾಗಲೇ ಪಿನ್ನನ್ನು ಯಾರು ತಳ್ಳುತ್ತಾರೆ ಅಂತ ಬಾಣ ಹಾಕಿ ಕಳಿಸಿದ್ದಾರೆ.